ಸಂಕಲ್ಪಕ್ಕೆ ಒಂದು ದಿನ, ಶುಶ್ರೂಷೆಗೆ ಏಳು ದಿನ

ಕುಡಿತ ಕೆಟ್ಟದ್ದೆಂದು ಹೇಳುವವರಿಗೆ ನಮ್ಮ ನಾಡಿನಲ್ಲಿ ಎಂದೂ ಕೊರತೆಯಾಗಿಲ್ಲ. ಜಾತ್ರೆಯ ಧರ್ಮಸಭೆಯಲ್ಲಿ, ಶ್ರಾವಣ ಪ್ರವಚನದ ಮಂಗಲದಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ, ಕೇಳಿಬರಬೇಕಾದುದೂ ಸರಿಯೇ. ಆ ಮಾತು ಎದೆಗೆ ನಾಟಿ ಒಬ್ಬಾತ ಎದ್ದು ನಿಲ್ಲುತ್ತಾನೆ. ಗುರುಗಳ ಪಾದ ಮುಟ್ಟಿ, ಇಂದಿನಿಂದ ಮದ್ಯವನ್ನು ಮುಟ್ಟುವುದಿಲ್ಲವೆಂದು ಆಣೆ ಮಾಡುತ್ತಾನೆ. ಸಭೆ ಚಪ್ಪಾಳೆ ತಟ್ಟುತ್ತದೆ. ಹೆಂಡತಿಯ ಕಣ್ಣು ತುಂಬಿ ಬರುತ್ತದೆ. ವಿಭೂತಿ ಧರಿಸಿ ಆತ ತನ್ನ ಮನೆಗೆ ಹೋಗುತ್ತಾನೆ. ಕೆಲಸ ಮುಗಿಯಿತೆಂದು ನಾವು ನಮ್ಮ ಮನೆಗೆ ಹೋಗುತ್ತೇವೆ. ಮುಂದಿನ ಏಳು ದಿನ ಆ ಮನೆಯಲ್ಲಿ ಏನಾಯಿತೆಂದು ವಿಚಾರಿಸುವವರು ನಮ್ಮಲ್ಲಿ ಎಷ್ಟು ಜನ?

ಹೇಳಬೇಕಾದುದನ್ನು ಮೊದಲೇ ನೇರವಾಗಿ ಹೇಳಿಬಿಡುವುದು ಲೇಸು. ಬಹುಕಾಲದಿಂದ ದಿನನಿತ್ಯ ಕುಡಿಯುತ್ತಿರುವವನಿಗೆ ಕುಡಿತ ಬಿಟ್ಟ ಮೊದಲ ವಾರವು ಮನೋಬಲದ ಪರೀಕ್ಷೆಯಲ್ಲ, ಅದೊಂದು ಕಾಯಿಲೆ. ಕೆಲವರಿಗೆ ಪ್ರಾಣಕ್ಕೇ ಸಂಚಕಾರ ತರುವ ಕಾಯಿಲೆ. ಕಾಯಿಲೆಯವನಿಗೆ ಬೇಕಾದುದು ವೈದ್ಯ, ಹಾಸಿಗೆ, ಎಚ್ಚರವಾಗಿ ಕುಳಿತ ಒಂದು ಜೀವ. ಇವು ಮೂರನ್ನೂ ಒದಗಿಸದೆ ಬರಿಯ ಆಣೆಯನ್ನು ಮಾಡಿಸಿ ಕಳುಹಿಸುವುದು, ಈಜು ಬಾರದವನನ್ನು ತುಂಬಿದ ಹೊಳೆಯ ದಡಕ್ಕೆ ಕರೆದೊಯ್ದು, ಧೈರ್ಯವಾಗಿ ದಾಟು ಎಂದು ಹರಸಿ ಬಂದಂತೆ. ಹರಕೆ ಸುಳ್ಳಲ್ಲ. ಆದರೆ ದೋಣಿ ಎಲ್ಲಿ?

ಈ ಮಾತು ಕೆಲವರಿಗೆ ರುಚಿಸದು. "ಕುಡಿಯಲು ಕಲಿಸಿದವರಾರು? ತಾನೇ ಕಲಿತ, ತಾನೇ ಬಿಡಲಿ. ಮನಸ್ಸು ಗಟ್ಟಿಯಿದ್ದರೆ ಏನು ಕಷ್ಟ?" ಎಂದು ಅವರು ಕೇಳುತ್ತಾರೆ. ಕಟ್ಟೆಯ ಮೇಲೆ ಕುಳಿತು ಹೀಗೆ ಕೇಳುವವರಲ್ಲಿ ಹೆಚ್ಚಿನವರು ತಮ್ಮ ಬೆಳಗಿನ ಚಹಾವನ್ನು ಒಂದು ದಿನವೂ ತಪ್ಪಿಸಿದವರಲ್ಲ. ಅದಿರಲಿ. ಪ್ರಶ್ನೆಗೆ ಉತ್ತರವನ್ನು ಹೇಳಲೇಬೇಕು.

ಮದ್ಯವು ಮಿದುಳಿನ ಚಟುವಟಿಕೆಯನ್ನು ಕುಗ್ಗಿಸುವ ಪದಾರ್ಥ. ವರ್ಷಗಟ್ಟಲೆ ಅದರ ಭಾರವನ್ನು ಹೊತ್ತ ಮಿದುಳು, ಆ ಭಾರಕ್ಕೆ ಎದುರಾಗಿ ತನ್ನನ್ನು ತಾನು ಹೆಚ್ಚು ಹೆಚ್ಚು ಉದ್ರೇಕಿಸಿಕೊಂಡು ಸಮತೋಲವನ್ನು ಕಾಯ್ದುಕೊಳ್ಳುತ್ತದೆ. ಕಪಿಲೆ ಬಾವಿಯಲ್ಲಿ ನೀರೆತ್ತುವ ಎತ್ತುಗಳನ್ನು ಕಂಡ ಹಿರಿಯರಿಗೆ ಇದು ಸುಲಭವಾಗಿ ತಿಳಿದೀತು. ತುಂಬಿದ ಬಾನಿಯ ಭಾರಕ್ಕೆ ಎದುರಾಗಿ ಎತ್ತುಗಳು ಮೈಯೆಲ್ಲ ಬಿಗಿಹಿಡಿದು ಮುಂದಕ್ಕೆ ಜಗ್ಗುತ್ತಿರುತ್ತವೆ. ಆಗ ಮಿಣಿಯು ಒಮ್ಮೆಗೇ ಹರಿದರೆ ಗತಿಯೇನು? ಎತ್ತುಗಳು ಮುಗ್ಗರಿಸಿ ಬೀಳುತ್ತವೆ. ಅದು ಎತ್ತಿನ ಹೇಡಿತನವೇ? ಮದ್ಯವನ್ನು ಒಮ್ಮೆಗೇ ನಿಲ್ಲಿಸಿದಾಗ ಮಿದುಳಿಗೆ ಆಗುವುದೂ ಇದೇ. ಭಾರ ಹೋಗಿದೆ, ಜಗ್ಗಾಟ ನಿಂತಿಲ್ಲ. ಈ ಸ್ಥಿತಿಯನ್ನು ವೈದ್ಯರು 'ವಿತ್‌ಡ್ರಾಯಲ್' ಎನ್ನುತ್ತಾರೆ; ಕನ್ನಡದಲ್ಲಿ 'ಹಿಂತೆಗೆತ' ಎಂದು ಬಳಕೆಗೆ ಬಂದಿದೆ.

ಇದು ಊಹೆಯ ಮಾತಲ್ಲ. ಕುಡುಕರಿಗೆ ಬರುವ ಫಿಟ್ಸು ಮತ್ತು ಸನ್ನಿಗಳು ಅನ್ನಾಹಾರವಿಲ್ಲದ್ದರಿಂದ ಬರುತ್ತವೆಯೋ, ಕುಡಿತದಿಂದಲೇ ಬರುತ್ತವೆಯೋ, ಕುಡಿತ ನಿಂತದ್ದರಿಂದ ಬರುತ್ತವೆಯೋ ಎಂಬ ಚರ್ಚೆ ವೈದ್ಯಲೋಕದಲ್ಲಿ ಬಹುಕಾಲ ನಡೆದಿತ್ತು. ಅಮೆರಿಕದ ಕೆಂಟಕಿ ಪ್ರಾಂತದ ಲೆಕ್ಸಿಂಗ್ಟನ್ನಿನಲ್ಲಿ ಹ್ಯಾರಿಸ್ ಇಸ್ಬೆಲ್ ಎಂಬ ವೈದ್ಯರೂ ಅವರ ಸಂಗಡಿಗರೂ ನಡೆಸಿದ, ಇಂದಾದರೆ ಯಾರೂ ಒಪ್ಪಲಾರದ ಒಂದು ಪ್ರಯೋಗದ ವರದಿ 1955ರಲ್ಲಿ ಪ್ರಕಟವಾಯಿತು. ಒಳ್ಳೆಯ ಆಹಾರ, ಜೀವಸತ್ವಗಳನ್ನು ಕೊಡುತ್ತಲೇ ಕೆಲವರಿಗೆ ಏಳು ವಾರ, ಇನ್ನು ಕೆಲವರಿಗೆ ಹನ್ನೆರಡು ವಾರದವರೆಗೂ ನಿತ್ಯ ಮದ್ಯ ಕುಡಿಸಿ, ಒಂದು ದಿನ ಪೂರ್ತಿಯಾಗಿ ನಿಲ್ಲಿಸಿದರು. ಉಂಡು ತಿಂದು ಗಟ್ಟಿಮುಟ್ಟಾಗಿದ್ದ ಅವರಿಗೆ ನಡುಕ ಹುಟ್ಟಿತು, ಬೆವರು ಕಿತ್ತಿತು. ಕೆಲವರಿಗೆ ಸೆಳವು ಬಂದಿತು, ಕೆಲವರಿಗೆ ಸನ್ನಿ ಹಿಡಿಯಿತು. ಕಾರಣ ಉಪವಾಸವಲ್ಲ, ದುರ್ಬಲ ಮನಸ್ಸೂ ಅಲ್ಲ. ಕುಡಿತ ಒಮ್ಮೆಗೇ ನಿಂತದ್ದೇ ಕಾರಣವೆಂಬುದು ಅಂದಿಗೆ ಸ್ಪಷ್ಟವಾಯಿತು. ಅದಾಗಿ ಏಳು ದಶಕಗಳು ಸಂದಿವೆ. ನಮ್ಮ ಕಟ್ಟೆಯ ನ್ಯಾಯಾಧೀಶರಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಆ ವಾರದ ದಿನಚರಿಯನ್ನು ಪ್ರತಿಯೊಂದು ಮನೆಯವರೂ ತಿಳಿದಿರಬೇಕು. ಕೊನೆಯ ಗುಟುಕಿನಿಂದ ಆರರಿಂದ ಹನ್ನೆರಡು ಗಂಟೆಗಳೊಳಗೆ ಕೈ ನಡುಗತೊಡಗುತ್ತದೆ. ಮೈ ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಓಕರಿಕೆ ಬರುತ್ತದೆ, ಕಾರಣವಿಲ್ಲದ ದಿಗಿಲು ಆವರಿಸುತ್ತದೆ. ನಿದ್ರೆ ಹತ್ತಿರ ಸುಳಿಯದು. ಮೊದಲ ಎರಡು ದಿನಗಳಲ್ಲಿ ಫಿಟ್ಸು ಬರುವ ಸಂಭವವುಂಟು. ಅದರಲ್ಲಿಯೂ ಮೊದಲ ದಿನ ತುಂಬುವ ಹೊತ್ತು ಹೆಚ್ಚು ಅಪಾಯದ್ದು. ಕೆಲವರಿಗೆ ಇಲ್ಲದ ದನಿ ಕೇಳಿಸುತ್ತದೆ, ಗೋಡೆಯ ಮೇಲೆ ಹುಳು ಹರಿದಂತೆ ಕಾಣಿಸುತ್ತದೆ. ಎರಡನೆಯ ದಿನ ಕಳೆದು ನಾಲ್ಕನೆಯ ದಿನದವರೆಗಿನ ಅವಧಿಯಲ್ಲಿ ಕೆಲವರಿಗೆ 'ಡೆಲೀರಿಯಂ ಟ್ರೆಮೆನ್ಸ್' ಎಂಬ ನಡುಕದ ಸನ್ನಿ ಹಿಡಿಯುತ್ತದೆ. ಆಗ ಹಗಲು ರಾತ್ರಿಯ ಪರಿವೆ ಇರದು, ಹೆಂಡತಿ ಮಕ್ಕಳ ಗುರುತು ಹತ್ತದು. ಜ್ವರ ಏರುತ್ತದೆ, ನಾಡಿ ಓಡುತ್ತದೆ, ರಕ್ತದ ಒತ್ತಡ ಹೆಚ್ಚುತ್ತದೆ. ತಕ್ಕ ಚಿಕಿತ್ಸೆ ಇಲ್ಲದಿದ್ದ ಕಾಲದಲ್ಲಿ ಈ ಸನ್ನಿಗೆ ತುತ್ತಾದವರಲ್ಲಿ ನೂರಕ್ಕೆ 35ರವರೆಗೂ ಸಾವು ಸಂಭವಿಸುತ್ತಿತ್ತು. ಆಸ್ಪತ್ರೆಯ ಆರೈಕೆ ದೊರೆತರೆ ಇಂದು ಅದು ನೂರಕ್ಕೆ 5ಕ್ಕೂ ಕೆಳಗಿದೆ. ಮೂವರಲ್ಲಿ ಒಬ್ಬನನ್ನು ಕೊಲ್ಲುತ್ತಿದ್ದ ಕಾಯಿಲೆಯನ್ನು ಇಷ್ಟಕ್ಕೆ ಇಳಿಸಿದ್ದು ಉಪದೇಶವಲ್ಲ, ಔಷಧ ಮತ್ತು ಶುಶ್ರೂಷೆ.

ಐದನೆಯ ದಿನದಿಂದ ಹೆಚ್ಚಿನವರ ಮೈ ತಹಬಂದಿಗೆ ಬರುತ್ತದೆ. ನಡುಕ ಇಳಿಯುತ್ತದೆ, ಅನ್ನ ರುಚಿಸುತ್ತದೆ. ನಿದ್ರೆ ಮಾತ್ರ ಇನ್ನೂ ಕೆಲವು ವಾರ ಸರಿಹೋಗದು. ಮನಸ್ಸಿಗೆ ಮಂಕು ಕವಿದಿರುತ್ತದೆ. ಸಂಜೆಯಾದೊಡನೆ ಆಸೆ ಹೆಡೆಯೆತ್ತುತ್ತದೆ. ಎಲ್ಲರಿಗೂ ಎಲ್ಲ ಲಕ್ಷಣಗಳೂ ಬರುತ್ತವೆಂದಲ್ಲ. ಅನೇಕರು ನಡುಕ, ನಿದ್ರಾಹೀನತೆಗಳಷ್ಟರಲ್ಲೇ ಪಾರಾಗುತ್ತಾರೆ. ಅವರನ್ನು ವೈದ್ಯರ ಸಲಹೆಯಂತೆ ಮನೆಯಲ್ಲೇ ನೋಡಿಕೊಳ್ಳಬಹುದು. ಆದರೆ ಕಣ್ಣು ತೆರೆದೊಡನೆ ಕುಡಿಯದೆ ಕೈ ನಿಲ್ಲದವನು, ಹಿಂದೊಮ್ಮೆ ಬಿಟ್ಟಾಗ ಫಿಟ್ಸು ಅಥವಾ ಸನ್ನಿ ಕಂಡವನು, ವಯಸ್ಸಾದವನು, ಯಕೃತ್ತಿನ ಕಾಯಿಲೆ ಅಥವಾ ಬೇರೆ ದೊಡ್ಡ ಬೇನೆ ಇರುವವನು, ಇಂಥವರು ವೈದ್ಯರನ್ನು ಕಾಣದೆ ಒಮ್ಮೆಗೇ ನಿಲ್ಲಿಸಕೂಡದು. ಇದನ್ನು ಕುಡಿಯುತ್ತಲೇ ಇರುವುದಕ್ಕೆ ಪರವಾನಗಿ ಎಂದು ಯಾರೂ ತಿಳಿಯಬಾರದು. ವೈದ್ಯರ ಬಳಿಗೆ ಇಂದೇ ಹೋಗಬೇಕು, ಅವರು ಗೊತ್ತುಮಾಡಿದ ದಿನ ನಿಲ್ಲಿಸಬೇಕು ಎಂಬುದೇ ಇದರ ಅರ್ಥ.

ನಾಡಿಗೆ ನಾಡೇ ಒಂದೇ ದಿನ ಕುಡಿತ ಬಿಟ್ಟರೆ ಏನಾಗುವುದೆಂಬುದನ್ನು ನಾವು ಕಣ್ಣಾರೆ ಕಂಡದ್ದೂ ಉಂಟು. 2020ರ ಮಾರ್ಚ್ 25ರಿಂದ ಕೋವಿಡ್ ನಿರ್ಬಂಧ ಜಾರಿಗೆ ಬಂದು, ಮೇ 4ರವರೆಗೆ ಕರ್ನಾಟಕದಲ್ಲಿ ಮದ್ಯದಂಗಡಿಗಳು ಮುಚ್ಚಿದ್ದವು. ಪಾನವಿರೋಧಿಗಳಾದ ನಮ್ಮಲ್ಲಿ ಹಲವರು ಅಂದು ಹಿಗ್ಗಿದರು. ಆದರೆ ಅದೇ ದಿನಗಳಲ್ಲಿ ಬೆಂಗಳೂರಿನ ಆಸ್ಪತ್ರೆಗಳಿಗೆ ತೀವ್ರ ಹಿಂತೆಗೆತದಿಂದ ಬರುವವರ ಸಂಖ್ಯೆ ಸುಮಾರು ಇಮ್ಮಡಿಯಾಯಿತೆಂದು ಅಲ್ಲಿಯ ಮನೋವೈದ್ಯರು ಆ ವರ್ಷವೇ ವರದಿ ಮಾಡಿದರು. ಕೆಲವರು ಸ್ಯಾನಿಟೈಸರ್ ಕುಡಿದು ಸತ್ತರು, ಕೆಲವರು ಜೀವ ಕಳೆದುಕೊಂಡರು. ಕೇರಳ ಸರ್ಕಾರವು ವೈದ್ಯರ ಚೀಟಿಯ ಮೇಲೆ ಮದ್ಯ ಕೊಡಲು ಆಜ್ಞೆ ಹೊರಡಿಸಿತು. ಏಪ್ರಿಲ್ 2ರಂದು ಅಲ್ಲಿಯ ಉಚ್ಚ ನ್ಯಾಯಾಲಯ ಅದಕ್ಕೆ ತಡೆಯಾಜ್ಞೆ ನೀಡಿತು. ಮದ್ಯದ ಚೀಟಿ ಬರೆಯುವುದು ನಮ್ಮ ಕೆಲಸವಲ್ಲ, ಹಿಂತೆಗೆತಕ್ಕೆ ಬೇರೆ ಚಿಕಿತ್ಸೆಯಿದೆ ಎಂದು ವೈದ್ಯರೇ ಆಕ್ಷೇಪಿಸಿದ್ದರು. ಅವರ ಮಾತು ಸತ್ಯ. ಅಂಗಡಿ ಮುಚ್ಚಿದ್ದು ತಪ್ಪಲ್ಲ. ಅಂಗಡಿ ಮುಚ್ಚಿದ ಮರುದಿನ ಆಸ್ಪತ್ರೆಯ ಬಾಗಿಲು ತೆರೆದಿದೆಯೇ ಎಂದು ನೋಡದೇ ಹೋದದ್ದು ತಪ್ಪು. ಆ ತಪ್ಪನ್ನು ನಮ್ಮ ಸಭೆಗಳಲ್ಲಿ ನಾವು ಪ್ರತಿ ವರ್ಷವೂ ಮಾಡುತ್ತಿದ್ದೇವೆ.

ಆಣೆ ಮಾಡಿದವನ ಮನೆಯಲ್ಲಿ ಈ ವಾರ ನಡೆಯುವ ಅನಾಹುತಗಳನ್ನು ಕೊಂಚ ನೋಡೋಣ. ಎರಡನೆಯ ದಿನ ನಡುಕ ತಾಳಲಾರದೆ ಆತ ಒಂದು ಗುಟುಕು ಕುಡಿಯುತ್ತಾನೆ. ಸ್ವಲ್ಪ ಹೊತ್ತಿನಲ್ಲೇ ಕೈ ನಿಲ್ಲುತ್ತದೆ. ಊರು 'ಆಣೆ ಮುರಿದ' ಎಂದು ಸಾರುತ್ತದೆ. ನಾಚಿಕೆಯಿಂದ ಆತ ಮಠದ ದಾರಿಯನ್ನೇ ಬಿಡುತ್ತಾನೆ. ಮತ್ತಾರು ತಿಂಗಳಿಗೆ ಮತ್ತೊಂದು ಆಣೆ, ಮತ್ತೊಂದು ಪತನ. ಹೀಗೆ ಒಮ್ಮೆಗೇ ನಿಲ್ಲಿಸುವುದು, ಮತ್ತೆ ಹಿಡಿಯುವುದು ಪುನಃ ಪುನಃ ನಡೆದಂತೆ, ಮುಂದಿನ ಹಿಂತೆಗೆತವು ಹೆಚ್ಚು ಉಗ್ರವಾಗುವ ಸಂಭವವಿದೆಯೆಂದು 1978ರಷ್ಟು ಹಿಂದೆಯೇ ವೈದ್ಯರು ತೋರಿಸಿಕೊಟ್ಟಿದ್ದಾರೆ. ಅಂದರೆ ಸಿದ್ಧತೆಯಿಲ್ಲದ ಪ್ರತಿಯೊಂದು ಆಣೆಯೂ ಮುಂದಿನ ಆಣೆಯ ಹಾದಿಗೆ ಮುಳ್ಳು ಹಾಸಿದಂತೆ. ಪುಣ್ಯಕಾರ್ಯವೆಂದು ಮಾಡಿಸಿದ್ದು ಆತನ ಮಿದುಳಿಗೆ ಪೆಟ್ಟಾಗಬಾರದು.

ಇನ್ನು ಕೆಲವರು ಆತನನ್ನು ಕೋಣೆಯಲ್ಲಿ ಕೂಡಿಹಾಕುತ್ತಾರೆ, ಕಂಬಕ್ಕೆ ಕಟ್ಟುತ್ತಾರೆ. ಮದ್ಯವ್ಯಸನದಿಂದ ಉಂಟಾಗುವ ಮಾನಸಿಕ ಸ್ಥಿತಿಗಳನ್ನು ಕಾಯಿಲೆಯೆಂದೇ ಗಣಿಸುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು, ಕಾಯಿಲೆಯವನನ್ನು ಯಾವ ಬಗೆಯಲ್ಲಿಯೂ ಸರಪಳಿಯಲ್ಲಿ ಬಂಧಿಸಕೂಡದೆಂದು ನಿಷೇಧಿಸಿದೆ. ಕಾಯಿದೆಯ ಮಾತು ಹಾಗಿರಲಿ. ಬೀಗ ಹಾಕಿದ ಕೋಣೆಯಲ್ಲಿ ನಡುರಾತ್ರಿ ಫಿಟ್ಸು ಬಂದರೆ ಕೇಳುವವರಾರು? ಫಿಟ್ಸು ಬಂದೊಡನೆ ಕೈಗೆ ಬೀಗದ ಕೈ ಕೊಡುವುದು, ಬಾಯಿಗೆ ನೀರು ಹಾಕುವುದು, ಹಲ್ಲಿನ ನಡುವೆ ಚಮಚ ತುರುಕುವುದು ನಮ್ಮ ಊರುಗಳಲ್ಲಿ ಇನ್ನೂ ನಿಂತಿಲ್ಲ. ಕಬ್ಬಿಣದಿಂದ ಸೆಳವು ನಿಲ್ಲುವುದಿಲ್ಲ. ತಾನಾಗಿ ನಿಂತಾಗ ಕೀರ್ತಿ ಕಬ್ಬಿಣಕ್ಕೆ ಹೋಗುತ್ತದೆ, ಅಷ್ಟೆ. ಒಲೆ, ಕಲ್ಲು, ಮೆಟ್ಟಿಲುಗಳ ಬಳಿಯಿಂದ ದೂರ ಸರಿಸಿ, ಒಂದು ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನನ್ನೂ ಹಾಕದೆ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಸನ್ನಿ ಹಿಡಿದು ಬಡಬಡಿಸುವವನನ್ನು ದೆವ್ವ ಬಡಿದಿದೆಯೆಂದು ಮಂತ್ರವಾದಿಯ ಬಳಿಗೆ ಒಯ್ಯುವುದಂತೂ ಕೊಲೆಗೆ ಸಮ. ಆ ಹೊತ್ತಿನಲ್ಲಿ ಪ್ರತಿ ಗಂಟೆಗೂ ಬೆಲೆಯಿದೆ.

ಮೂರನೆಯದು ಗುಪ್ತ ಔಷಧ. "ಕುಡಿಯುವವರಿಗೆ ಗೊತ್ತಾಗದಂತೆ ಅನ್ನದಲ್ಲಿ, ಸಾರಿನಲ್ಲಿ ಬೆರೆಸಿರಿ, ಚಟ ಬಿಡುವುದು ಖಂಡಿತ" ಎಂಬಂಥ ಜಾಹೀರಾತುಗಳನ್ನು ನಂಬಿ ಎಷ್ಟೋ ತಾಯಂದಿರು ಕಿವಿಯ ಬೆಂಡೋಲೆ ಮಾರಿ ಪುಡಿ ತಂದಿದ್ದಾರೆ. ಪುಡಿಯೊಳಗೇನಿದೆಯೆಂದು ಮಾರುವವನು ಹೇಳುವುದಿಲ್ಲ. ಡೆನ್ಮಾರ್ಕಿನ ಇಬ್ಬರು ವಿಜ್ಞಾನಿಗಳು 1948ರಲ್ಲಿ ಲೋಕಕ್ಕೆ ತಿಳಿಸಿದ ಡೈಸಲ್ಫಿರಾಂ ಎಂಬ ಮಾತ್ರೆಯೊಂದುಂಟು. ಅದನ್ನು ಸೇವಿಸಿದವನು ಮದ್ಯ ಮುಟ್ಟಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದ ಒತ್ತಡ ಕುಸಿಯುತ್ತದೆ. ರೋಗಿಯ ಒಪ್ಪಿಗೆಯಿಂದ, ವೈದ್ಯರ ನಿಗಾದಲ್ಲಿ, ಹಿಂತೆಗೆತ ಕಳೆದು ಮದ್ಯ ಮೈಯಿಂದ ಪೂರ್ತಿ ಹೋದ ಮೇಲೆ ಕೊಡತಕ್ಕ ಔಷಧವದು. ಅದನ್ನು ಕಳ್ಳತನದಿಂದ ಬೆರೆಸಿ, ತಿಳಿಯದ ಆತ ಎಂದಿನಂತೆ ಕುಡಿದು ಬಂದರೆ, ಊಟದ ತಟ್ಟೆಯೇ ವಿಷದ ತಟ್ಟೆಯಾದೀತು. ವಂಚನೆಯಿಂದ ಯಾರನ್ನೂ ಒಳ್ಳೆಯವರನ್ನಾಗಿ ಮಾಡಿದ ಉದಾಹರಣೆ ಧರ್ಮದಲ್ಲಿಯೂ ಇಲ್ಲ, ವೈದ್ಯದಲ್ಲಿಯೂ ಇಲ್ಲ.

ನಾಲ್ಕನೆಯದು ಗ್ಲೂಕೋಸ್ ಬಾಟಲಿ. ನಿಶ್ಶಕ್ತಿಯೆಂದು ಕಂಡೊಡನೆ ಬಾಟಲಿ ಏರಿಸಿಬಿಡುವುದು ಹಳ್ಳಿಗಳಲ್ಲಿ ರೂಢಿಯಾಗಿದೆ. ಬಹುಕಾಲ ಕುಡಿದವನ ಮೈಯಲ್ಲಿ ಥಯಾಮಿನ್ ಎಂಬ ಬಿ-1 ಜೀವಸತ್ವ ಬತ್ತಿಹೋಗಿರುತ್ತದೆ. ಅದನ್ನು ತುಂಬಿಕೊಡದೆ ಬರಿಯ ಗ್ಲೂಕೋಸ್ ಏರಿಸಿದರೆ, ಇದ್ದಷ್ಟೂ ಖರ್ಚಾಗಿ, 1881ರಲ್ಲಿ ಕಾರ್ಲ್ ವೆರ್ನಿಕೆ ವರ್ಣಿಸಿದ ಮಿದುಳಿನ ಕಾಯಿಲೆ ಮೇಲೇಳಬಹುದು: ಬುದ್ಧಿಗೆ ಗೊಂದಲ, ಕಣ್ಣಾಲಿಗಳ ಚಲನೆಗೆ ಅಡ್ಡಿ, ನಡಿಗೆಗೆ ತೂರಾಟ. ಆಗಲೂ ಉಪೇಕ್ಷಿಸಿದರೆ ನೆನಪಿನ ಶಕ್ತಿಯೇ ಶಾಶ್ವತವಾಗಿ ನಾಶವಾದೀತು. ಕುಡಿತ ಬಿಟ್ಟೂ ತೂರಾಡುವವನನ್ನು ಕಂಡು 'ಮತ್ತೆ ಕುಡಿದಿದ್ದಾನೆ' ಎಂದು ನಗುವವರು ಈ ಮಾತನ್ನು ನೆನಪಿಡಬೇಕು. ಥಯಾಮಿನ್ ಸೂಜಿಮದ್ದಿನ ಬೆಲೆ ಬಹಳ ಅಲ್ಪ. ಬೆಲೆಯಿಲ್ಲದ ಅಜ್ಞಾನವೇ ಬಲು ದುಬಾರಿ.

ಇಷ್ಟು ಹೇಳಿದ ಮೇಲೆ ಮತ್ತೊಂದು ಆಕ್ಷೇಪ ಏಳುತ್ತದೆ. "ಮಾತ್ರೆ ನುಂಗಿ ಬಿಡುವುದಾದರೆ ಸಂಕಲ್ಪದ ಹಿರಿಮೆ ಎಲ್ಲಿ ಉಳಿಯಿತು? ಗುರುಕೃಪೆಗೆ ಸ್ಥಾನವೆಲ್ಲಿ? ಒಂದು ಚಟ ಬಿಟ್ಟು ಮಾತ್ರೆಯ ಚಟ ಹಿಡಿದಂತಾಗದೇ?" ಈ ಆಕ್ಷೇಪ ಮಾಡುವವರು ಭಕ್ತರು, ಸಜ್ಜನರು, ಆದ್ದರಿಂದ ಉತ್ತರವೂ ಗೌರವದಿಂದಲೇ ಇರಬೇಕು. ಡಯಾಜಿಪಾಮ್, ಕ್ಲೋರ್‌ಡಯಾಜಿಪಾಕ್ಸೈಡ್ ಮೊದಲಾದ ಮಾತ್ರೆಗಳು ಉದ್ರಿಕ್ತವಾದ ಮಿದುಳನ್ನು ಶಾಂತಗೊಳಿಸಿ ಫಿಟ್ಸು, ಸನ್ನಿಗಳನ್ನು ತಡೆಯುತ್ತವೆ. ಮೊದಲು ತಕ್ಕಷ್ಟು ಕೊಟ್ಟು, ದಿನದಿನಕ್ಕೆ ಇಳಿಸುತ್ತ, ಸಾಮಾನ್ಯವಾಗಿ ಒಂದು ವಾರದ ಸುಮಾರಿಗೆ ವೈದ್ಯರು ನಿಲ್ಲಿಸಿಬಿಡುತ್ತಾರೆ. 1969ರಲ್ಲಿ ಅಮೆರಿಕದಲ್ಲಿ 537 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಕ್ಲೋರ್‌ಡಯಾಜಿಪಾಕ್ಸೈಡ್ ಪಡೆದವರಲ್ಲಿ ಈ ತೊಡಕುಗಳು ಎಲ್ಲರಿಗಿಂತ ಕಡಿಮೆಯಾಗಿ ಕಂಡವು. ಇವನ್ನು ಅಂಗಡಿಯಿಂದ ತಾವಾಗಿ ತಂದು ನುಂಗುವುದೂ, ಮದ್ಯದೊಡನೆ ಬೆರೆಸುವುದೂ ಉಸಿರನ್ನೇ ನಿಲ್ಲಿಸಬಲ್ಲ ಅವಿವೇಕ. ವೈದ್ಯರ ಅಳತೆಯಲ್ಲಿ ವಾರಕಾಲ ಸೇವಿಸುವುದು ಚಟವಲ್ಲ. ಮುರಿದ ಕಾಲಿಗೆ ಕಟ್ಟಿದ ದಬ್ಬೆ. ಮೂಳೆ ಕೂಡಿದ ಮೇಲೆ ದಬ್ಬೆಯನ್ನು ಬಿಚ್ಚುತ್ತೇವೆ. ನಡೆಯುವುದು ಮಾತ್ರ ಆತನೇ, ಆತನ ಸಂಕಲ್ಪದಿಂದಲೇ.

ಗುರುಕೃಪೆಗೂ ವೈದ್ಯಕ್ಕೂ ವಿರೋಧವಿದೆಯೆಂಬುದೇ ತಪ್ಪು ತಿಳಿವಳಿಕೆ. ಭಗವಂತನಲ್ಲಿ ಶರಣಾಗತಿಯನ್ನೇ ಬುನಾದಿಯಾಗಿ ಮಾಡಿಕೊಂಡು ಲೋಕದ ಉದ್ದಗಲಕ್ಕೂ ಹಬ್ಬಿದ 'ಆಲ್ಕೊಹಾಲಿಕ್ಸ್ ಅನಾನಿಮಸ್' ಎಂಬ ಕೂಟ ಹುಟ್ಟಿದ್ದು 1935ರಲ್ಲಿ. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಬಿಲ್ ವಿಲ್ಸನ್ನರಿಗೆ ಆತ್ಮಸಾಕ್ಷಾತ್ಕಾರದಂಥ ಅನುಭವವಾದದ್ದು ಎಲ್ಲಿ? ಗುಡಿಯಲ್ಲಲ್ಲ. 1934ರ ಡಿಸೆಂಬರಿನಲ್ಲಿ, ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಯ ಹಾಸಿಗೆಯ ಮೇಲೆ, ಕುಡಿತ ಬಿಡಿಸುವ ಚಿಕಿತ್ಸೆಯಲ್ಲಿದ್ದಾಗ, ವಿಲಿಯಂ ಸಿಲ್ಕ್‌ವರ್ತ್ ಎಂಬ ವೈದ್ಯರ ಆರೈಕೆಯಲ್ಲಿ. ಇನ್ನೊಬ್ಬ ಸ್ಥಾಪಕರಾದ ಡಾಕ್ಟರ್ ಬಾಬ್ ಸ್ವತಃ ಶಸ್ತ್ರವೈದ್ಯರು. ವೈದ್ಯಶಾಸ್ತ್ರವನ್ನು ಅರೆದು ಕುಡಿದವರ ಕೈಗಳೂ ಮದ್ಯ ಬಿಟ್ಟ ಬೆಳಗಿನಲ್ಲಿ ನಡುಗಿದವು. ಜ್ಞಾನದಿಂದ ನಡುಕ ನಿಲ್ಲುವುದಿಲ್ಲ, ಭಕ್ತಿಯಿಂದಲೂ ನಿಲ್ಲುವುದಿಲ್ಲ. ಅದು ನರಗಳ ವ್ಯವಹಾರ. ನಡುಕ ನಿಂತ ಮೇಲೆ ಬದುಕನ್ನು ಮತ್ತೆ ಕಟ್ಟಿಕೊಳ್ಳುವುದಕ್ಕೆ ಭಕ್ತಿಯೂ ಬೇಕು, ಜ್ಞಾನವೂ ಬೇಕು, ಸತ್ಸಂಗವೂ ಬೇಕು.

ಮಠಗಳು ಈ ಕಾರ್ಯಕ್ಕೆ ಹೊಸಬರೇನಲ್ಲ. ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಶಿವಯೋಗಿಗಳು ಹೊನ್ನು ಹಣ ಬೇಡಲಿಲ್ಲ. ಜೋಳಿಗೆ ಹಿಡಿದು ಊರೂರು ತಿರುಗಿ, ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿರೆಂದು ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯವು ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಆ ಜೋಳಿಗೆಯ ಘನತೆಗೆ ಸಾಟಿಯಿಲ್ಲ. ಆದರೆ ಜೋಳಿಗೆಗೆ ಬಿದ್ದದ್ದು ಚಟ. ಚಟ ಬಿಟ್ಟ ಮೈ ಮನೆಯಲ್ಲೇ ಉಳಿಯಿತು. ಆ ಮೈಯನ್ನು ಏಳು ದಿನ ಹೊರುವ ಹೊಣೆ ಬೇಡಿದವರಿಗೆ ಸೇರಿದ್ದಲ್ಲ, ಬೇಡುವುದನ್ನು ನೋಡಿ ಕೈಮುಗಿದ ನಮ್ಮೆಲ್ಲರಿಗೆ ಸೇರಿದ್ದು. ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ನಡೆಸುವ ಮದ್ಯವರ್ಜನ ಶಿಬಿರಗಳು ಒಂದು ಸಂಜೆಯ ಸಭೆಗಳಲ್ಲ. ಎಂಟು ದಿನ ಶಿಬಿರಾರ್ಥಿಗಳನ್ನು ಅಲ್ಲಿಯೇ ಇರಿಸಿಕೊಳ್ಳುತ್ತವೆ. ಆ ಎಂಟು ದಿನಗಳ ಮರ್ಮವನ್ನು ನಾವು ಅರಿಯಬೇಕು. ಅತ್ಯಂತ ಕಠಿಣವಾದ ವಾರವನ್ನು ಮನುಷ್ಯ ಒಂಟಿಯಾಗಿ ಕಳೆಯಬಾರದೆಂಬುದೇ ಅದರ ತಿರುಳು.

ನಾವು ಮಾಡಬಹುದಾದುದೇನು? ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿ ಇಂದು ವೈದ್ಯರಾದವರು, ದಾದಿಯರಾದವರು, ಔಷಧದಂಗಡಿ ಇಟ್ಟವರು, ಅಧಿಕಾರಿಗಳಾದವರು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನರಿದ್ದಾರೆ. ಉಂಡ ಪ್ರಸಾದದ ಋಣವನ್ನು ಶಿಲಾಫಲಕದಲ್ಲಿ ಹೆಸರು ಕೆತ್ತಿಸಿ ತೀರಿಸುವವರಿಗಿಂತ, ವರ್ಷಕ್ಕೊಂದು ವಾರವನ್ನು ಈ ಕಾಯಕಕ್ಕೆ ಕೊಟ್ಟು ತೀರಿಸುವವರು ದೊಡ್ಡವರು. ಆಣೆ ಮಾಡಿಸುವ ಸಭೆಗೆ ಮುಂಚೆಯೇ ಒಬ್ಬ ವೈದ್ಯರು ಬಂದು, ಬಿಡಲು ಸಿದ್ಧರಾದವರನ್ನು ಪರೀಕ್ಷಿಸಲಿ. ಯಾರು ಮನೆಯಲ್ಲಿರಬಹುದು, ಯಾರು ಆಸ್ಪತ್ರೆಗೇ ಹೋಗಬೇಕು ಎಂಬುದನ್ನು ಅವರು ಹೇಳಲಿ. ಸಭಾಭವನದ ಪಕ್ಕದ ಒಂದು ಕೋಣೆ ಆ ವಾರ ವಸತಿಗೆ ಮೀಸಲಾಗಲಿ. ಊರಿನ ತರುಣರು ಸರದಿಯ ಮೇಲೆ ರಾತ್ರಿ ಎಚ್ಚರವಿರಲಿ. ಜಾತ್ರೆಯ ತೇರಿಗೆ ಸರದಿಯಲ್ಲಿ ಹೆಗಲು ಕೊಡುವ ನಮಗೆ ಇದೊಂದು ಅಸಾಧ್ಯವೇ?

ಮನೆಯವರ ಕರ್ತವ್ಯವೂ ಕಷ್ಟದ್ದಲ್ಲ. ಮನೆಯಲ್ಲಿ ಒಂದು ತೊಟ್ಟು ಮದ್ಯವೂ ಇರಬಾರದು. ಗಂಜಿ, ಮಜ್ಜಿಗೆ, ಮೆತ್ತನೆಯ ಅನ್ನವನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬೇಕು, ನೀರು ತಪ್ಪಬಾರದು. ದೀಪ ಮಂದವಾಗಿರಲಿ, ಗದ್ದಲ ಬೇಡ. ಆ ವಾರ ಬಾವಿಯ ಕಟ್ಟೆಗೆ, ಕೆರೆಗೆ, ಟ್ರ್ಯಾಕ್ಟರ್ ಮೇಲೆ, ಎತ್ತರದ ಮಾಳಿಗೆಗೆ ಆತನನ್ನು ಕಳುಹಿಸಬಾರದು. ಸೆಳವು ಹೇಳಿ ಬರುವುದಿಲ್ಲ. ಹಳೆಯ ಸಾಲ, ಹಳೆಯ ಜಗಳಗಳ ಲೆಕ್ಕ ತೆಗೆಯಲು ಮುಂದೆ ಬೇಕಾದಷ್ಟು ದಿನಗಳಿವೆ. ಈ ವಾರ ಬೇಡ. ಗೊಂದಲದ ಮಾತು, ಇಲ್ಲದ್ದು ಕಾಣುವುದು, ಜ್ವರ, ಫಿಟ್ಸು, ಸಾಯುವ ಮಾತು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ದೂರವಾದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿದ್ದಾರೆ. ಸಲಹೆ ಬೇಕಾದವರು 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಕರೆ ಮಾಡಬಹುದು. ಗಂಡಸರ ಮಾತನ್ನೇ ಇಲ್ಲಿ ಆಡಿದ್ದರೂ, ಕುಡಿತಕ್ಕೆ ಸಿಕ್ಕಿದ ಹೆಣ್ಣುಮಕ್ಕಳಿಗೂ ಇದೇ ನಿಯಮ, ಇದೇ ಆರೈಕೆ; ಮರ್ಯಾದೆಯ ಹೆಸರಿನಲ್ಲಿ ಅವರನ್ನು ಒಳಮನೆಯಲ್ಲಿ ಬಚ್ಚಿಡುವುದು ಎರಡು ಪಟ್ಟು ಪಾಪ.

ಸರ್ಕಾರಕ್ಕೂ ಒಂದು ಮಾತು ಹೇಳದೆ ಬಿಡಲಾಗದು. 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿದ ಸರ್ಕಾರವೇ, 2003ರಿಂದ ತನ್ನ ನಿಗಮದ ಮೂಲಕ ಉಳಿದ ಮದ್ಯದ ಸಗಟು ವ್ಯಾಪಾರವನ್ನು ನಡೆಸುತ್ತಿದೆ. 2023ರ ಜುಲೈ ತಿಂಗಳ ಆಯವ್ಯಯದಲ್ಲಿ ಅಬಕಾರಿ ಆದಾಯಕ್ಕೆ ಇಟ್ಟ ಗುರಿ 36,000 ಕೋಟಿ ರೂಪಾಯಿ. ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ದೇಶದಲ್ಲಿ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿದೆ. ಆಸ್ಪತ್ರೆಯಲ್ಲಿ ಇದ್ದು ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಪ್ರತಿ ಹೋಬಳಿಗೂ ಬಾಟಲಿಯನ್ನು ತಲುಪಿಸಬಲ್ಲ ವ್ಯವಸ್ಥೆಗೆ, ಪ್ರತಿ ತಾಲ್ಲೂಕಿಗೆ ನಾಲ್ಕು ಹಾಸಿಗೆಗಳನ್ನು ತಲುಪಿಸಲು ಏನು ಅಡ್ಡಿ? ಕುಡಿಸಿದ ಕೈಯೇ ಬಿಡಿಸುವ ಖರ್ಚನ್ನೂ ಭರಿಸಬೇಕೆಂಬುದು ದಾನವಲ್ಲ, ನ್ಯಾಯ.

ಏಳು ದಿನ ದಾಟಿದವನು ಗೆದ್ದನೆಂದು ಬೀಗುವಂತಿಲ್ಲ. ಮುಂದೆ ತಿಂಗಳುಗಳಿವೆ, ವರ್ಷಗಳಿವೆ. ಮದುವೆಗಳು, ಸಾವುಗಳು, ಸಂತೆಯ ಸಂಜೆಗಳಿವೆ. ಆದರೆ ಏಳು ದಿನ ದಾಟದವನಿಗೆ ಆ ಮುಂದಿನದೊಂದೂ ಇಲ್ಲ. ಎಂಟನೆಯ ದಿನ ಆತನಿಗೆ ನೀತಿಯನ್ನು ಬೋಧಿಸಬಹುದು. ಎರಡನೆಯ ದಿನ ಬೇಕಾದುದು ಹಣೆಯ ಬೆವರು ಒರೆಸುವ ಕೈ.

ಅಂಗವನ್ನು ಪ್ರಸಾದಕಾಯವೆಂದು ಬಗೆದ ಪರಂಪರೆ ನಮ್ಮದು. ದಾಸೋಹವೆಂದರೆ ಪಂಕ್ತಿಯಲ್ಲಿ ಕುಳಿತವನಿಗೆ ಬಡಿಸುವುದಷ್ಟೇ ಅಲ್ಲ. ನಡುಗುವ ಕೈಯಿಂದ ತುತ್ತೆತ್ತಲಾರದವನಿಗೆ ಉಣಿಸುವುದೂ ದಾಸೋಹವೇ. ಆದಕಾರಣ ಸದ್ಭಕ್ತರಲ್ಲಿ, ಮಠದ ಹಳೆಯ ವಿದ್ಯಾರ್ಥಿ ಬಂಧುಗಳಲ್ಲಿ ವಿನಂತಿ ಇಷ್ಟು: ಇನ್ನು ಮುಂದೆ ಯಾರಿಂದಲಾದರೂ ಆಣೆ ಮಾಡಿಸುವ ಮುನ್ನ, ಮುಂದಿನ ಏಳು ರಾತ್ರಿ ಆತನ ಪಕ್ಕದಲ್ಲಿ ಕೂಡುವವರು ಯಾರೆಂಬ ಏಳು ಹೆಸರುಗಳನ್ನು ಒಂದು ಕಾಗದದಲ್ಲಿ ಬರೆಯಿರಿ. ಏಳು ಹೆಸರು ಸಿಕ್ಕರೆ ಆಣೆ ಮಾಡಿಸಿರಿ. ಸಿಗದಿದ್ದರೆ, ಮನೋಬಲದ ಕೊರತೆ ಇರುವುದು ಆತನಲ್ಲಿ ಅಲ್ಲವೆಂದು ತಿಳಿಯಿರಿ.